ಮಲ್ಲಮ್ಮನ ಹೋತ ಸತ್ತ ಮಳೆಗಾಲ

ನನ್ನ ತಮ್ಮ ಹುಸೇನಪ್ಪನನ್ನು ಕೊಂದದ್ದು ಒಂದು ಹುಳ. ಕಣ್ಣಿಗೆ ಕಾಣದ ಹುಳ. ಸತ್ತ ಹೋತದ ರಕ್ತದಿಂದ ಅವನ ಕುತ್ತಿಗೆಗೆ ಬಂತು, ಕುತ್ತಿಗೆಯಿಂದ ಮೈಗೆಲ್ಲ ಇಳಿಯಿತು, ಮುಗಿಸಿತು. ಮಾಟ ಅಲ್ಲ. ದೇವರ ಸಿಟ್ಟಲ್ಲ. ಮಗಳ ಮದುವೆಗೆ ಯಾರದ್ದೋ ಕಣ್ಣು ತಗುಲಿತು ಅನ್ನುವುದೂ ಸುಳ್ಳು. ಹುಳಕ್ಕೆ ಎರಡು ದಿನ ಹೆಚ್ಚು ಸಿಕ್ಕಿತು, ಅದು ಒಂದು ಮಾತಿನಿಂದ ಸಿಕ್ಕಿತು. ಆ ಮಾತನ್ನೂ ಹೇಳುತ್ತೇನೆ.

ಮೊನ್ನೆ ಮಾನ್ವಿಗೆ ಹೋಗಿದ್ದೆ. ಹುಸೇನಪ್ಪನ ಮಗಳು ಸುಜಾತಾ ಅಲ್ಲಿ ಶಾಲೆಯ ಟೀಚರು. ಹಿತ್ತಲ ಗೋಡೆಗೆ ಬಳಿಯಬೇಕೆಂದು ಹಳೆಯ ಬಾನಿಯಲ್ಲಿ ಸುಣ್ಣದ ಕಲ್ಲು ಹಾಕಿ ನೀರು ಹೊಯ್ದಳು. ಸುಣ್ಣ ಕುದಿಯಿತು, ಹಬೆ ಎದ್ದಿತು, ವಾಸನೆ ಬಂದು ಮೂಗಿಗೆ ಬಡಿಯಿತು. ನಾನು ಬಾಯಿಗೆ ಸೆರಗು ಇಟ್ಟುಕೊಂಡು ಎದ್ದು ಮುಂಬಾಗಿಲ ಕಟ್ಟೆಗೆ ಬಂದು ಕೂತೆ. ಸುಜಾತಾಳ ಮಗಳು ನನ್ನ ಹಿಂದೆಯೇ ಬಂದಳು. ಬಾಯಿ ಜೋರು ಆ ಹುಡುಗಿಯದು.

"ಯಾಕಜ್ಜಿ, ಎದ್ದು ಬಂದಿ? ಸುಣ್ಣ ಬೇ ಅದು, ಸತ್ತ ಹೆಗ್ಗಣ ಅಲ್ಲ."

"ಗೊತ್ತದ. ನನಗ ಆಗಂಗಿಲ್ಲ ಅದು."

"ನಮ್ಮಜ್ಜಗೂ ಆಗ್ತಿದ್ದಿಲ್ಲೇನು?"

ಅವಳ ಅಜ್ಜ ಹೇಗೆ ಸತ್ತ ಎಂದು ಅವಳಿಗೆ ಯಾರೂ ಸರಿಯಾಗಿ ಹೇಳಿಲ್ಲ. ಕೇಳಿದಾಗಲೆಲ್ಲ ಸುಜಾತಾ "ಜ್ವರ ಬಂದಿತ್ತು" ಅಂದುಬಿಡುತ್ತಾಳೆ. ಜ್ವರ ಎಲ್ಲರಿಗೂ ಬರುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ಅಕ್ಷರ ತಪ್ಪಿದ್ದರೆ ಸುಜಾತಾ ತಿದ್ದಲಿ, ಮಾತು ತಿದ್ದಬಾರದು.

ನಮ್ಮೂರು ದೇವದುರ್ಗ ತಾಲ್ಲೂಕಿನ ಮಸರಕಲ್. ನನ್ನ ತವರು, ಗಂಡನ ಮನೆ ಎರಡೂ ಒಂದೇ ಓಣಿಯಲ್ಲಿ. ಅವ್ವ ಬೇಗ ಹೋದಳು, ಹುಸೇನಪ್ಪನನ್ನು ಟೊಂಕದ ಮೇಲೆ ಹೊತ್ತು ಬೆಳೆಸಿದ್ದು ನಾನು. ಮೊಹರಂನ ಅಲಾಯಿ ದೇವರಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಮಗ ಅಂತ ಆ ಹೆಸರು. ಆಮೇಲೆ ಓಣಿಯೆಲ್ಲ ಬುದ್ಧನ ದಾರಿ ಹಿಡಿಯಿತು. ಹೆಸರು ಮಾತ್ರ ಹಾಗೇ ಉಳಿಯಿತು, ಯಾರೂ ಬದಲಿಸಲು ಹೋಗಲಿಲ್ಲ.

ನಮ್ಮಪ್ಪನ ಕಾಲದಲ್ಲಿ ಊರಲ್ಲಿ ದನ ಸತ್ತರೆ ಎಳೆದು ಒಯ್ಯುವವರು ನಾವೇ. ದೊಡ್ಡವರ ಮನೆಯಲ್ಲಿ ಹೆಣ ಬಿದ್ದರೆ ಮುಂದೆ ಚರ್ಮದ ಹಲಗೆ ಬಾರಿಸುವವರೂ ನಾವೇ. ಕರೆದಾಗ ಹೋಗಬೇಕು, ಆಗುವುದಿಲ್ಲ ಅನ್ನುವಂತಿರಲಿಲ್ಲ. ಹುಸೇನಪ್ಪ ಹತ್ತು ಹನ್ನೆರಡು ವರ್ಷದವನಿದ್ದಾಗ ಓಣಿಯ ಹಿರಿಯರು ಕೂತು ಅದನ್ನು ಬಿಟ್ಟರು. ಇನ್ನು ಸತ್ತದ್ದನ್ನು ಎಳೆಯುವುದಿಲ್ಲ, ತಿನ್ನುವುದಿಲ್ಲ, ಹಲಗೆ ಮುಟ್ಟುವುದಿಲ್ಲ ಅಂದರು. ಇದ್ದ ಹಲಗೆಗಳನ್ನೆಲ್ಲ ಒಟ್ಟಿ ಬೆಂಕಿ ಹಚ್ಚಿದರು. ಊರು ಸುಮ್ಮನಿರಲಿಲ್ಲ. ಬಹಳ ದಿನ ನಮ್ಮನ್ನು ಕೂಲಿಗೆ ಕರೆಯಲಿಲ್ಲ, ಕಿರಾಣಿ ಅಂಗಡಿಯಲ್ಲಿ ಉಪ್ಪು ಕೊಡಲಿಲ್ಲ. ನಾವು ಬಗ್ಗಲಿಲ್ಲ. "ನಾವು ಸತ್ತದ್ದು ಮುಟ್ಟಂಗಿಲ್ಲ" ಅನ್ನುವ ಮಾತನ್ನು ನಮ್ಮ ಮಕ್ಕಳು ಅಕ್ಷರಕ್ಕಿಂತ ಮೊದಲು ಕಲಿತರು. ಅದು ಹಸಿವಿನಿಂದ ಗಳಿಸಿದ ಮಾತು. ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ಇದು ತಿಳಿಯದಿದ್ದರೆ ಹುಸೇನಪ್ಪ ದವಾಖಾನೆಯಲ್ಲಿ ಆಡಿದ ಮಾತು ದಡ್ಡನ ಮಾತಾಗಿ ಕೇಳಿಸುತ್ತದೆ. ಅವನು ದಡ್ಡನಲ್ಲ.

ಅವನು ಸತ್ತ ವರ್ಷವೇ, ಅವ್ವನಿಲ್ಲದ ಸುಜಾತಾಳ ಮದುವೆ ಗೊತ್ತಾಗಿತ್ತು. ಹುಡುಗನಿಗೆ ಮಾನ್ವಿಯಲ್ಲಿ ನೌಕರಿ. ಹುಡುಗನ ಅಪ್ಪ ರಾಯಚೂರಿನಲ್ಲಿದ್ದ ರಿಟೈರಾದ ಹೆಡ್ ಮಾಸ್ತರು, ನಮ್ಮವರೇ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಮಾತು ಕಡಿಮೆ. ಅವರ ಮುಂದೆ ಹುಸೇನಪ್ಪ ಕುರ್ಚಿಯ ತುದಿಯಲ್ಲಿ ಕೂಡುತ್ತಿದ್ದ.

ಮದುವೆ ಶ್ರಾವಣದಲ್ಲಿ ಅಂತ ಆಯಿತು. ಅವತ್ತಿನಿಂದ ಇವನ ತಲೆಯಲ್ಲಿ ಒಂದೇ ಹಟ, ಹಲಗೆ. ಅಪ್ಪ ಬಿಡುವ ಮೊದಲು ಅವನ ಕೈಯಿಂದ ಕಲಿತವನು ಓಣಿಯಲ್ಲಿ ಇವನೊಬ್ಬನೇ ಉಳಿದಿದ್ದ.

"ಡಿಜೆ ಹೇಳೀವಲ್ಲಪ್ಪಾ," ಅಂದಳು ಸುಜಾತಾ.

"ಡಿಜೆ ನಿಮಗ ಇರಲಿ. ಹಲಿಗಿ ನನಗ. ನಮ್ಮಪ್ಪ ಜಲ್ಮೆಲ್ಲ ಮಂದಿ ಹೆಣದ ಮುಂದ ಬಡದ. ನನ ಮಗಳ ಮದುವ್ಯಾಗ ನಾ ಒಮ್ಮಿ ಬಡಿಬಾರದೇನು?"

"ಪ್ಲಾಸ್ಟಿಕ್ಕಿಂದು ಸಿಗ್ತದಲ್ಲೋ ರಾಯಚೂರಾಗ," ಅಂದೆ ನಾನು.

"ಯಕ್ಕಾ, ಅದನ್ನ ಬಡದ್ರ ಎಣ್ಣಿ ಡಬ್ಬಿ ಬಡದಂಗ ಆಗ್ತದ."

"ಎಣ್ಣಿ ಡಬ್ಬಿಗೆ ಮಂದಿ ಕುಣಿಯಂಗಿಲ್ಲೇನು?"

"ನೀ ಕುಣಿತಿ. ನಿನಗೇನು, ಮಿಕ್ಸಿ ತಿರುಗಿದ್ರೂ ಕುಣಿತಿ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ವರ್ಷ ಮಳೆ ತಡವಾಯಿತು. ಜೂನ್ ತಿಂಗಳು ಮುಗಿದರೂ ಎರೆಹೊಲ ಬಾಯಿ ಬಿಟ್ಟುಕೊಂಡೇ ಇತ್ತು. ಆಮೇಲೆ ಬಂದದ್ದು ಒಂದೇ ಸಲ ಬಂತು, ಓಣಿಯ ಹಿಂದಿನ ತಗ್ಗು ತುಂಬಿ ಹರಿಯಿತು. ನೀರು ಇಂಗಿದ ಮೇಲೆ ಆ ತಗ್ಗಿನಲ್ಲಿ ಎಳೆ ಹುಲ್ಲು ಎದ್ದಿತು. ಬೇರೆಲ್ಲೂ ಇಲ್ಲದ ಹಸಿರು. ಪಕ್ಕದ ಮನೆಯ ಮಲ್ಲಮ್ಮ ಆಡುಗಳನ್ನು ಅಲ್ಲಿಗೇ ಬಿಟ್ಟಳು. ಮಲ್ಲಮ್ಮ ಈಗಲೂ ಇದ್ದಾಳೆ, ಈಗಲೂ ಆಡು ಸಾಕುತ್ತಾಳೆ. ಆಗ ಅವಳ ಹತ್ತಿರ ಒಂದು ಹೋತ ಇತ್ತು. ಓಣಿಯಲ್ಲಿ ಯಾರು ಬಗ್ಗಿದರೂ ಹಿಂದಿನಿಂದ ಗುದ್ದುವುದು ಅದರ ಕೆಲಸ.

ಒಂದು ದಿನ ಮಧ್ಯಾಹ್ನ ಮಲ್ಲಮ್ಮ ಬೊಬ್ಬೆ ಹಾಕಿದಳು. ಹೋದರೆ ಹೋತ ಕಾಲು ಚಾಚಿ ಬಿದ್ದಿದೆ. ಹೊಟ್ಟೆ ಉಬ್ಬಿದೆ. ಮೂಗಿನಿಂದ ರಕ್ತ.

"ಮುಂಜಾನಿ ನನ್ನ ಗುದ್ದಾಕ ಬಂದಿತ್ತವ್ವಾ," ಅಂತ ಅಳುತ್ತಿದ್ದಳು. "ಬೈದೆ ಅದಕ, ನಿನ್ನ ಹೆಣಾ ಎತ್ಲಿ ಅಂದೆ. ನನ ಬಾಯಿ ಸುಡ್ಲಿ."

ಹುಸೇನಪ್ಪ ಆಗಷ್ಟೇ ಕ್ಷೌರ ಮಾಡಿಸಿಕೊಂಡು ಬಂದಿದ್ದ. ಮರುದಿನ ಬೀಗರು ಬರುವವರಿದ್ದರು, ಅದಕ್ಕೆ ಕುತ್ತಿಗೆಯವರೆಗೂ ಬ್ಲೇಡು ಎಳೆಸಿಕೊಂಡಿದ್ದ. ಹೋತದ ಪಕ್ಕ ಕುಕ್ಕರಗಾಲಲ್ಲಿ ಕೂತ. ಮೂಗಿನ ರಕ್ತವನ್ನು ಬೆರಳಿನಿಂದ ಒರೆಸಿ ತಿಕ್ಕಿ ನೋಡಿದ.

"ನೋಡಕ್ಕಾ. ಎಷ್ಟೊತ್ತಾದ್ರೂ ಹೆಪ್ಪುಗಟ್ಟಿಲ್ಲ, ನೀರಿನಂಗ ಅದ. ಹೆಪ್ಪುಗಟ್ಟಿದ್ರ ಚರ್ಮದಾಗ ಕಲಿ ಉಳಿತದ. ಇಂಥದರ ಚರ್ಮ ಬೆಳ್ಳಗ ಬರ್ತದ ಅಂತಿದ್ದ ಅಪ್ಪ."

"ಎದ್ದೇಳು. ಸತ್ತದ್ದು ಮುಟ್ಟಂಗಿಲ್ಲ ನಾವು."

"ತಿಂತೀನಂದೆನೇನು? ಚರ್ಮ ಅಷ್ಟ. ಮಾಂಸ ಹುಗದುಬಿಡ್ತೀನಿ."

ನಾನು ಬೈದೆ. ಅವನು ಕೇಳಲಿಲ್ಲ. ಮಲ್ಲಮ್ಮ ಅಳುತ್ತಲೇ ಕಾಲು ಹಿಡಿದಳು, ಇವನು ಸುಲಿದ. ಹೊಟ್ಟೆ ಸೀಳಿದಾಗ ಒಳಗಿನದೆಲ್ಲ ಕಪ್ಪಗಿತ್ತು. ಉಳಿದದ್ದನ್ನು ಇಬ್ಬರೂ ಎಳೆದು ಅದೇ ತಗ್ಗಿನಲ್ಲಿ ಮೇಲೆ ಮೇಲೆ ಮಣ್ಣು ಮಾಡಿದರು. ಹಸಿ ಚರ್ಮ ಮಡಚಿದರೆ ಗೆರೆ ಬೀಳುತ್ತದೆ. ಅದಕ್ಕೆ ಅದನ್ನು ಶಾಲು ಹೊದ್ದ ಹಾಗೆ ಹೆಗಲ ಮೇಲೆ ಹಾಕಿಕೊಂಡು ಮನೆಗೆ ಬಂದ. ಹೊಸದಾಗಿ ಬ್ಲೇಡು ಎಳೆದ ಕುತ್ತಿಗೆಯ ಮೇಲೆ.

ಹಿತ್ತಲಲ್ಲಿ, ಬೀಗರ ಕಣ್ಣಿಗೆ ಬೀಳದ ಕಡೆ, ಸುಣ್ಣದ ನೀರಿನಲ್ಲಿ ನೆನೆಹಾಕಿದ. ಕೂದಲು ಬಿಟ್ಟ ಮೇಲೆ ಕೆರೆದ. ಕಬ್ಬಿಣದ ಬಳೆಗೆ ಎಳೆದು ಕಟ್ಟಿ, ಹುಣಸೆ ಬೀಜದ ಅಂಟು ಹಚ್ಚಿ, ಮಳೆ ಬಿಟ್ಟ ಹೊತ್ತಿನಲ್ಲಿ ಬಿಸಿಲಿಗೆ ಇಟ್ಟ. ಅಷ್ಟು ಖುಷಿಯಿಂದ ಅವನು ಕೆಲಸ ಮಾಡಿದ್ದನ್ನು ನಾನು ನೋಡಿರಲಿಲ್ಲ. ಅದನ್ನೂ ಬರೆಯಬೇಕು.

ಮೂರ್ನಾಲ್ಕು ದಿನಕ್ಕೆ ಕುತ್ತಿಗೆಯಲ್ಲಿ ಒಂದು ಗುಳ್ಳೆ ಎದ್ದಿತು. ಸೊಳ್ಳೆ ಕಚ್ಚಿದಷ್ಟು. ತುರಿಸಿತು. ಆಮೇಲೆ ಅದರಲ್ಲಿ ನೀರು ತುಂಬಿತು, ಒಡೆಯಿತು, ನಡುವೆ ಕಪ್ಪಾಯಿತು. ಇದ್ದಿಲು ಒತ್ತಿ ಇಟ್ಟ ಹಾಗೆ ಕಪ್ಪು. ಸುತ್ತ ಬಾವು.

"ನೋವದೇನೋ?"

"ಒಂಚೂರೂ ಇಲ್ಲ. ಒತ್ತಿ ನೋಡು ಬೇಕಾದ್ರ." ನನ್ನ ಬೆರಳು ಹಿಡಿದು ತಾನೇ ಒತ್ತಿಸಿಕೊಂಡ. ಮುಖ ಕಿವುಚಲಿಲ್ಲ. "ನೋವಿಲ್ಲದ್ದಕ್ಕ ಯಾರರ ದವಾಖಾನಿಗೆ ಹೋಗ್ತಾರೇನು? ಮಂದಿ ನಗ್ತಾರ."

ನಾವು ಕೂಲಿ ಮಂದಿ. ಹತ್ತಿ ಬಿಡಿಸುವಾಗ ಬೆರಳು ಹರಿಯುತ್ತದೆ, ನಾಟಿ ಹಚ್ಚುವಾಗ ಕಾಲು ಕೊಳೆಯುತ್ತದೆ. ನೋವು ಬಂದಾಗಲೂ ನಾವು ಹೋಗುವುದಿಲ್ಲ. ನೋವೇ ಇಲ್ಲದಿದ್ದರೆ ಹೋಗುವ ಮಾತೆಲ್ಲಿ? ಊರಲ್ಲಿ ಜ್ವರಕ್ಕೆ ಸೂಜಿ ಮಾಡುವವನಿಗೆ ತೋರಿಸಿದ. ಹುಳ ಮುಟ್ಟಿದೆ ಅಂತ ಮುಲಾಮು ಕೊಟ್ಟ.

ಆಮೇಲಿನದು ಬೇಗ ಆಯಿತು. ಬಾವು ದವಡೆಗೆ ಏರಿತು, ಎದೆಗೆ ಇಳಿಯಿತು. ಕುತ್ತಿಗೆ ಅನ್ನುವುದೇ ಇಲ್ಲ, ಗಡಿಗೆಯ ಮೇಲೆ ಮುಖ ಇಟ್ಟ ಹಾಗೆ ಕಂಡ. ಜ್ವರ. ಮದುವೆಯ ಸಾಮಾನಿನ ಮಾತಿಗೆ ಮತ್ತೆ ಬಂದಿದ್ದ ಹೆಡ್ ಮಾಸ್ತರು ನೋಡಿ ಗಾಬರಿಯಾದರು. ತಾವು ಬಂದ ಕಾರಿನಲ್ಲೇ ಕೂಡಿಸಿಕೊಂಡು ದೇವದುರ್ಗದ ದವಾಖಾನೆಗೆ ಒಯ್ದರು. ಸುಜಾತಾ ಜೊತೆಗೆ ಹೋದಳು. ಕಾರಿನಲ್ಲಿ ಜಾಗ ಇರಲಿಲ್ಲ, ನಾನು ಊರಲ್ಲೇ ಉಳಿದೆ.

ಅಲ್ಲಿ ಡಾಕ್ಟರು ಕಪ್ಪು ಗಾಯವನ್ನು ಬಹಳ ಹೊತ್ತು ನೋಡಿದರಂತೆ. ಇದನ್ನು ಸುಜಾತಾ ಆಮೇಲೆ ಹೇಳಿದ್ದು.

"ಆಡು ಕುರಿ ಏನರ ಸತ್ತಿದ್ವೇನು ಮನ್ಯಾಗ? ಸತ್ತದ್ದನ್ನ ಮುಟ್ಟೀರೇನು?" ಅಂತ ಕೇಳಿದರಂತೆ.

ಪಕ್ಕದಲ್ಲಿ ಬಿಳಿ ಅಂಗಿಯ ಬೀಗರು ನಿಂತಿದ್ದಾರೆ. ಹುಸೇನಪ್ಪ ಅವರ ಮುಖ ನೋಡಿದ. "ಇಲ್ರೀ ಸಾಹೇಬ್ರ," ಅಂದ. "ನಾವು ಸತ್ತದ್ದು ಮುಟ್ಟಂಗಿಲ್ಲ."

ಸುಜಾತಾ ಆಗಲೇ ಮಾನ್ವಿಯ ಶಾಲೆಗೆ ಸೇರಿದ್ದಳು, ಅವತ್ತೇ ಊರಿಗೆ ಬಂದವಳು, ಅವಳಿಗೆ ಹೋತದ ಸುದ್ದಿಯೇ ಗೊತ್ತಿಲ್ಲ. ಅವಳೂ ಹೌದು ಅಂದಳು. ಡಾಕ್ಟರು ಬೇರೆ ಏನೋ ಇರಬೇಕೆಂದು ಬೇರೆ ಔಷಧಿ ಹಾಕಿದರು. ಎರಡು ದಿನ ನೋಡಿದರು, ಬಾವು ಇಳಿಯಲಿಲ್ಲ. ರಾಯಚೂರಿಗೆ ಒಯ್ಯಿರಿ ಅಂದರು.

ಫೋನು ಬಂದ ಮೇಲೆ ನಾನು ಬಸ್ಸು ಹತ್ತಿ ರಾಯಚೂರಿಗೆ ಹೋದೆ. ದೊಡ್ಡ ದವಾಖಾನೆ. ಹೊರಗೆ ಮಳೆ, ಒಳಗೆ ನೆಲವೆಲ್ಲ ಕೆಸರು ಕಾಲು. ಹುಸೇನಪ್ಪ ಮಂಚದ ಮೇಲೆ ಕೂತೇ ಇದ್ದ, ಮಲಗಿದರೆ ಉಸಿರು ಸಿಗುವುದಿಲ್ಲ. ಒಬ್ಬ ಹೆಣ್ಣು ಡಾಕ್ಟರು ಬಂದು ಅದೇ ಮಾತನ್ನು ಮತ್ತೆ ಕೇಳಿದಳು. ಸತ್ತ ಪ್ರಾಣಿ ಮುಟ್ಟಿದ್ದೀರಾ, ಚರ್ಮದ ಕೆಲಸ ಮಾಡಿದ್ದೀರಾ. ಇವನಿಗೆ ಧ್ವನಿ ಇರಲಿಲ್ಲ. ಬೀಗರ ಕಡೆ ನೋಡಿ ಇಲ್ಲ ಇಲ್ಲ ಅಂತ ಕೈ ಆಡಿಸಿದ.

"ಸುಳ್ಳು," ಅಂದೆ ನಾನು. "ಸತ್ತ ಹೋತ ಸುಲದಾನ್ರೀ ಇವ. ಹೆಗಲ ಮ್ಯಾಲೆ ಹಾಕ್ಕೊಂಡು ಬಂದಾನ. ಹಲಿಗಿ ಮಾಡಾಕ."

ಡಾಕ್ಟರ ಮುಖ ಬದಲಾಯಿತು. ನರ್ಸಿಗೆ ಕೂಗಿ ಏನೋ ಹೇಳಿದಳು, ಎಲ್ಲರೂ ಓಡಾಡಲು ಶುರು ಮಾಡಿದರು. ಹೆಡ್ ಮಾಸ್ತರು ಎದ್ದು ಹೊರಗೆ ನಡೆದರು. ಹುಸೇನಪ್ಪ ಅವರು ಹೋದ ಬಾಗಿಲನ್ನೇ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ. ಗಂಟಲಿನಿಂದ ಮಾತು ಹೊರಡಿಸಲು ಬಹಳ ಕಷ್ಟಪಟ್ಟ.

"ಮರ್ಯಾದಿ ಕಳದಿ ಯಕ್ಕಾ."

ಅಷ್ಟೇ. ಗೋಡೆಯ ಕಡೆ ಮುಖ ಮಾಡಿದ. ಮತ್ತೆ ನನ್ನ ಜೊತೆ ಮಾತಾಡಲಿಲ್ಲ. ನಾನು ಹೇಳಿದ್ದು ತಪ್ಪು ಎಂದು ನನಗೆ ಅವತ್ತೂ ಅನಿಸಲಿಲ್ಲ, ಇವತ್ತೂ ಅನಿಸಿಲ್ಲ. ಆದರೆ ಅವನ ಬಾಯಿಂದ ನನಗೆ ಬಂದ ಕೊನೆಯ ಮಾತು ಅದು, ಅದನ್ನು ಬೇರೆ ಮಾಡಲು ಬರುವುದಿಲ್ಲ.

ಹೆಡ್ ಮಾಸ್ತರು ಸ್ವಲ್ಪ ಹೊತ್ತಿಗೆ ಫ್ಲಾಸ್ಕಿನಲ್ಲಿ ಚಹಾ ಹಿಡಿದು ವಾಪಸು ಬಂದರು. ನನಗೊಂದು ಲೋಟ ಕೊಟ್ಟರು. "ನಮ್ಮಪ್ಪನೂ ಸುಲೀತಿದ್ದ ಯವ್ವಾ," ಅಂದರು. "ಇವರು ನನಗರ ಹೇಳಬೇಕಿತ್ತು." ಅಷ್ಟು ಹೊತ್ತಿಗೆ ಹುಸೇನಪ್ಪನಿಗೆ ಎಚ್ಚರ ಇರಲಿಲ್ಲ. ಯಾರಿಗೆ ಹೆದರಿ ಅವನು ಸುಳ್ಳು ಹೇಳಿದ್ದನೋ, ಅವರು ಅದನ್ನು ತಪ್ಪೆಂದು ತಿಳಿಯಲೇ ಇಲ್ಲ. ಮದುವೆಯೂ ನಿಲ್ಲಲಿಲ್ಲ, ಮುಂದಿನ ವರ್ಷ ಆಯಿತು.

ಆ ಹೆಣ್ಣು ಡಾಕ್ಟರು ನನಗೆ ತಿಳಿಸಿ ಹೇಳಿದಳು. ಅವಳು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ನಮ್ಮ ರಕ್ತದಲ್ಲಿ ಕಾವಲುಗಾರರು ಇರುತ್ತಾರಂತೆ. ಮುಳ್ಳು ಚುಚ್ಚಿದಾಗ ಕೆಂಪಾಗುವುದು, ಕೀವು ಆಗುವುದು, ನೋಯುವುದು ಎಲ್ಲ ಅವರು ಎಬ್ಬಿಸುವ ಗದ್ದಲ. ಈ ಹುಳ ಮೈಮೇಲೆ ಒಂದು ಹೊದಿಕೆ ಹೊದ್ದು ಬರುತ್ತದೆ, ಕಾವಲುಗಾರರಿಗೆ ಗುರುತು ಸಿಗುವುದಿಲ್ಲ. ಒಳಗೆ ಕೂತು ವಿಷ ಬಿಡುತ್ತದೆ. ಆ ವಿಷ ಕಾವಲುಗಾರರ ಕೈಕಾಲು ಕಟ್ಟುತ್ತದೆ, ಗದ್ದಲವೇ ಆಗುವುದಿಲ್ಲ. ಮೈಯ ನೀರನ್ನು ಮಾಂಸದೊಳಗೆ ಸೋರಿಸುತ್ತದೆ, ಅದೇ ಬಾವು.

"ಅದಕ್ಕೇ ನೋಯಲಿಲ್ಲ ಅಜ್ಜಿ," ಅಂದಳು.

"ಈಗ ಔಷಧ ಹಾಕೀರಲ್ಲ. ಹುಳ ಸಾಯಂಗಿಲ್ಲೇನವ್ವಾ?"

"ಹುಳ ಸಾಯ್ತಾವೆ. ಅವು ಬಿಟ್ಟ ವಿಷ ಈಗಾಗಲೇ ಮೈತುಂಬ ಹೋಗಿದೆ. ಅದನ್ನು ತೆಗೆಯೋದು ಕಷ್ಟ. ಎರಡು ದಿನ ಮೊದಲು ಗೊತ್ತಾಗಿದ್ದರೆ…" ಅಂದು ನಿಲ್ಲಿಸಿದಳು. ಒಳ್ಳೆಯ ಹುಡುಗಿ. ಪೂರ್ತಿ ಹೇಳದಿದ್ದರೂ ನನಗೆ ತಿಳಿಯಿತು.

ಹುಸೇನಪ್ಪ ಮರುದಿನ ಮುಂಜಾನೆ ಸತ್ತ. ಮುಚ್ಚಿ ಕಟ್ಟಿ ಕೊಟ್ಟರು, ಬಿಚ್ಚಬೇಡಿ, ಸ್ನಾನ ಮಾಡಿಸಬೇಡಿ ಅಂದರು. ನಾನು ಎತ್ತಿ ಆಡಿಸಿದ ಮೈ, ಒಂದು ಚೊಂಬು ನೀರು ಹಾಕಲು ಆಗಲಿಲ್ಲ. ಆಂಬುಲೆನ್ಸು ರಾಯಚೂರು ಬಿಟ್ಟದ್ದು, ಮಸರಕಲ್ ಮುಟ್ಟಿದ್ದು ಯಾವುದೂ ನೆನಪಿಲ್ಲ. ಮಧ್ಯಾಹ್ನ ಮಣ್ಣು ಮಾಡಿದೆವು. ಯಾರೂ ಏನೂ ಬಾರಿಸಲಿಲ್ಲ.

ಅದೇ ಹೊತ್ತಿಗೆ ಓಣಿಗೆ ದನದ ಡಾಕ್ಟರು, ಅವರ ಮಂದಿ ಬಂದಿದ್ದರು. ಬಳೆಗೆ ಕಟ್ಟಿದ ಚರ್ಮವನ್ನು ಹಿತ್ತಲಲ್ಲೇ ಸುಟ್ಟರು. ತಗ್ಗಿಗೆ ಮುಳ್ಳು ಹಾಕಿ ಬೇಲಿ ಮಾಡಿದರು, ಹೋತ ಹುಗಿದ ಜಾಗವನ್ನು ಆಳ ಮಾಡಿ ಚೀಲಗಟ್ಟಲೆ ಸುಣ್ಣ ಸುರಿದರು. ಹಸಿ ಮಣ್ಣಿಗೆ ಬಿದ್ದ ಸುಣ್ಣ ಕುದಿಯುವ ವಾಸನೆ ಮಣ್ಣು ಮಾಡುವ ಜಾಗದವರೆಗೂ ಬಂತು. ಮಣ್ಣು ಮಾಡಿ ನಾವು ತಿರುಗಿ ಬಂದಾಗ, ಇದಕ್ಕೆ ನೆರಡಿ ರೋಗ, ಆಂಥ್ರಾಕ್ಸ್ ಅನ್ನುತ್ತಾರೆ ಅಂದರು ದನದ ಡಾಕ್ಟರು. ಹೊಟ್ಟೆ ಸೀಳದೆ ಬಿಟ್ಟಿದ್ದರೆ ಹುಳ ಒಳಗೇ ಕೊಳೆತು ಸಾಯುತ್ತಿತ್ತಂತೆ. ಗಾಳಿ ತಾಗಿದರೆ ಗಟ್ಟಿ ಬೀಜವಾಗಿ ಮಣ್ಣಿನಲ್ಲಿ ಮಲಗುತ್ತದೆ, ಎಷ್ಟೋ ವರ್ಷ ಸಾಯುವುದಿಲ್ಲ. ದೊಡ್ಡ ಮಳೆ ಬಂದಾಗ ಮೇಲೆ ಬರುತ್ತದೆ, ಎಳೆ ಹುಲ್ಲಿನ ಜೊತೆ ಆಡಿನ ಬಾಯಿಗೆ ಹೋಗುತ್ತದೆ.

"ಈ ತಗ್ಗಿನ್ಯಾಗ ಹಿಂದೆ ಏನಿತ್ತು?" ಅಂತ ಕೇಳಿದರು.

ಯಾರೂ ಹೇಳಲಿಲ್ಲ. ನಾನು ಹೇಳಿದೆ. ಊರಿನ ಸತ್ತ ದನಗಳನ್ನೆಲ್ಲ ನಮ್ಮಪ್ಪ, ಅವರಪ್ಪ ಎಳೆದು ತಂದು ಸುಲಿಯುತ್ತಿದ್ದದ್ದು ಆ ತಗ್ಗಿನಲ್ಲೇ. ನಾವು ಬಿಟ್ಟಿದ್ದೆವು. ಮಣ್ಣು ಬಿಟ್ಟಿರಲಿಲ್ಲ.

ಆಮೇಲೆ ಆರೋಗ್ಯದ ಮಂದಿ ಮನೆಮನೆಗೆ ಹೋಗಿ ಕೇಳಿದರು. ಹೋತವನ್ನು ಇನ್ಯಾರು ಮುಟ್ಟಿದ್ದೀರಿ, ಮೈಮೇಲೆ ಗುಳ್ಳೆ ಇದೆಯಾ. ಎಲ್ಲ ಬಾಗಿಲಲ್ಲೂ ಒಂದೇ ಉತ್ತರ. ನಾವು ಸತ್ತದ್ದು ಮುಟ್ಟಂಗಿಲ್ಲ. ಮಲ್ಲಮ್ಮನೂ ಬಾಗಿಲಲ್ಲಿ ನಿಂತು, ಕೈ ಸೆರಗಿನೊಳಗೆ ಇಟ್ಟುಕೊಂಡು, ಅದನ್ನೇ ಹೇಳಿದಳು. ಅವಳೇ ಕಾಲು ಹಿಡಿದವಳು ಅಂತ ನಾನು ಹೇಳಬೇಕಿತ್ತು. ತಗ್ಗಿನಿಂದ ಮನೆಗೆ ಬಂದು ಬಿದ್ದುಕೊಂಡಿದ್ದೆ, ಅವರು ಬಂದದ್ದು ನನಗೆ ಸಂಜೆ ತಿಳಿಯಿತು. ಅಷ್ಟರಲ್ಲಿ ಅವರು ಹೋಗಿದ್ದರು.

ಮರುದಿನ ಮುಂಜಾನೆ ಎದ್ದೆ. ಮೂರನೇ ದಿನದ ಕಾರ್ಯ ಆಗುವವರೆಗೆ ಸೂತಕದವರು ಇನ್ನೊಬ್ಬರ ಹೊಸ್ತಿಲು ದಾಟಬಾರದು ಅನ್ನುತ್ತಾರೆ. ಮಲ್ಲಮ್ಮನ ಒಲೆಯ ಮುಂದೆ ಹೋಗಿ ನಿಂತೆ. ಅವಳು ರೊಟ್ಟಿ ಬಡಿಯುತ್ತಿದ್ದಳು, ಎಡಗೈ ಒಂದರಿಂದ. ಬಲಗೈ ಮಣಿಕಟ್ಟಿಗೆ ಅರಿವೆ ಸುತ್ತಿದ್ದಳು.

"ಏನದು?"

"ಹಂಚು ತಾಕಿ ಸುಟ್ಟದ."

"ನೋವದೇನು?"

ರೊಟ್ಟಿ ಬಡಿಯುವುದು ನಿಂತಿತು. ಅವಳು ನನ್ನ ಮುಖ ನೋಡಲಿಲ್ಲ.

"ಇಲ್ಲ," ಅಂದಳು. ಆಮೇಲೆ ಅಳಲು ಶುರು ಮಾಡಿದಳು. "ಎಲ್ಲಾರೂ ನಂದೇ ತಪ್ಪಂತಾರ ಯವ್ವಾ. ನನ ಹೋತ ನಿನ ತಮ್ಮನ್ನ ತಿಂತು ಅಂತಾರ."

"ಅನ್ನಲಿ. ಹಂಚು ಇಳಿಸು, ಏಳು."

ಹಿಟ್ಟಿನ ಕೈ ತೊಳೆಯಲೂ ಬಿಡಲಿಲ್ಲ. ರಟ್ಟೆ ಹಿಡಿದು ಓಣಿಯ ನಡುವೆ ನಡೆಸಿಕೊಂಡು ಹೋಗಿ ರಾಯಚೂರಿನ ಬಸ್ಸಿಗೆ ಹತ್ತಿಸಿದೆ. ಬಸ್ಸಿನ ತುಂಬ ನಮ್ಮೂರಿನವರೇ, ದೊಡ್ಡವರ ಓಣಿಯವರೂ ಇದ್ದರು. ಕಂಡಕ್ಟರು ಬಂದ. ನಮ್ಮಿಬ್ಬರ ಮುಖ ನೋಡಿದ.

"ಎಲ್ಲಿಗೆ ಯವ್ವಾ? ಏನಾಗ್ಯದ?"

"ಮೆಲ್ಲಕ ಹೇಳು," ಅಂತ ಮಲ್ಲಮ್ಮ ನನ್ನ ಸೆರಗು ಜಗ್ಗಿದಳು.

"ರಾಯಚೂರು ದವಾಖಾನಿಗೆ ಎರಡು ಟಿಕೇಟು ಕೊಡಪ್ಪಾ," ಅಂದೆ, ಕೊನೆಯ ಸೀಟಿನವರಿಗೂ ಕೇಳುವ ಹಾಗೆ. "ಸತ್ತ ಹೋತ ಮುಟ್ಟೀವಿ."